ಓದುಗರ ಪ್ರಶ್ನೆ, ನಮ್ಮ ಉತ್ತರ: ದೇಶ ನೆನೆಯೋ ಘಟನೆ, ನಾವು ನೆನೆಯೋ ಮನುಷ್ಯ

ಹೋದ ಸಂಚಿಕೆಯಲ್ಲಿ ದುಃಖದ ಬಗ್ಗೆ ಬಂದ ಒಂದು ಸಣ್ಣ ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ, ಅದಾದ್ಮೇಲೆ ಬಂದ ಪತ್ರಗಳಲ್ಲಿ ತುಂಬಾ ಜನ ಹೆಚ್ಚುಕಮ್ಮಿ ಒಂದೇ ತರದ ನೋವು ಬರೆದಿದ್ರು. ಬಾಂಬ್ ದಾಳಿ, ವಿಮಾನ ದುರಂತ, ಸುನಾಮಿ, ಕಾಲ್ತುಳಿತ, ಅಂದ್ರೆ ಇಡೀ ದೇಶ ಟೀವಿ ಮುಂದೆ ಕೂತು ನೋಡಿದ ಸಾವುಗಳಲ್ಲಿ ತಮ್ಮವರನ್ನ ಕಳ್ಕೊಂಡೋರು. ಹಾಗಾಗಿ ಈ ಸಲ ಪೂರ್ತಿ ಅಂಕಣ ಅವರಿಗೇ. ಹೆಸರು, ಊರು, ಯಾವ ಘಟನೆ ಅನ್ನೋದನ್ನೆಲ್ಲ ತೆಗೆದಿದ್ದೀನಿ, ಕೆಲವು ಪತ್ರಗಳನ್ನ ಚಿಕ್ಕದು ಮಾಡಿದ್ದೀನಿ.

ಪ್ರಶ್ನೆ: ನನ್ನ ಯಜಮಾನ್ರು ಒಂದು ಭಯೋತ್ಪಾದಕ ದಾಳಿಯಲ್ಲಿ ಹೋಗ್ಬಿಟ್ರು. ಪ್ರತಿ ವರ್ಷ ಆ ದಿನ ಹತ್ರ ಬಂತು ಅಂದ್ರೆ ಎಲ್ಲ ಚಾನೆಲ್‌ನಲ್ಲೂ ಅದೇ ಬೆಂಕಿ, ಅದೇ ಹೊಗೆ, ಎಲ್ಲರ ಸ್ಟೇಟಸ್‌ನಲ್ಲೂ ಅದೇ ಫೋಟೋ. ಅವರ ಮುಖ ನೆನಪು ಮಾಡ್ಕೊಳ್ಳೋಣ ಅಂತ ಕಣ್ಣು ಮುಚ್ಚಿದ್ರೆ ಆ ಹೊಗೆನೇ ಬರುತ್ತೆ. ನೋಡದೆ ಇದ್ರೆ ಅವರಿಗೆ ದ್ರೋಹ ಮಾಡಿದ ಹಾಗೆ ಆಗುತ್ತಾ?

ಉತ್ತರ: ಇಲ್ಲಮ್ಮ, ಖಂಡಿತ ಆಗಲ್ಲ. ಆ ವಿಡಿಯೋದಲ್ಲಿ ನಿಮ್ಮ ಯಜಮಾನ್ರು ಎಲ್ಲೂ ಇಲ್ಲ, ಅದರಲ್ಲಿ ಇರೋದು ಅವರನ್ನ ಕೊಂದ ಘಟನೆ. ದೇಶಕ್ಕೆ ಆ ಘಟನೆ ನೆನಪಿರ್ಬೇಕು, ಯಾಕಾಯ್ತು, ಯಾರು ತಪ್ಪಿದ್ರು, ಮತ್ತೆ ಆಗದ ಹಾಗೆ ಏನು ಮಾಡ್ಬೇಕು ಅಂತ ಲೆಕ್ಕ ಇಟ್ಕೋಬೇಕು, ಅದು ದೇಶದ ಕೆಲಸ, ಮಾಡ್ಲಿ. ನಿಮ್ಮ ಕೆಲಸ ಬೇರೆ, ನೀವು ನೆನಪಿಟ್ಕೋಬೇಕಾಗಿರೋದು ಒಬ್ಬ ಮನುಷ್ಯನನ್ನ. ಈ ಎರಡನ್ನೂ ಒಂದೇ ದಿನ ಒಂದೇ ಟೀವಿ ಮುಂದೆ ಕೂತು ಮಾಡೋಕೆ ಹೋದ್ರೆ ಪ್ರತಿ ಸಲ ಘಟನೆನೇ ಗೆಲ್ಲುತ್ತೆ, ಯಾಕಂದ್ರೆ ಅದಕ್ಕೆ ಸೌಂಡಿದೆ, ಬೆಂಕಿಯಿದೆ, ಆಂಕರ್ ದನಿಯಿದೆ, ನಿಮ್ಮೋರು ಬೆಳಿಗ್ಗೆ ಎದ್ದು ಕನ್ನಡಕ ಎಲ್ಲಿಟ್ಟೆ ಅಂತ ಮನೆಯೆಲ್ಲ ಓಡಾಡ್ತಿದ್ದದ್ದಕ್ಕೆ ಯಾವ ಫೂಟೇಜೂ ಇಲ್ಲ.

ನೋಡದೆ ಇರೋದು ನಿಮ್ಮ ಆರೋಗ್ಯಕ್ಕೂ ಒಳ್ಳೇದು. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದ ಮೇಲೆ ಸಂಶೋಧಕರು ಸಾವಿರಾರು ಜನರನ್ನ ವಿಚಾರಿಸಿ ನೋಡಿದ್ರು. ಆಮೇಲಿನ ವಾರದಲ್ಲಿ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಆ ಸುದ್ದಿ ನೋಡಿದೋರಲ್ಲಿ ಒತ್ತಡದ ಲಕ್ಷಣಗಳು, ಸ್ಫೋಟದ ಜಾಗದಲ್ಲೇ ಇದ್ದೋರಿಗಿಂತಲೂ ಜಾಸ್ತಿ ಕಂಡುಬಂದ್ವು. ಸುಮ್ನೆ ದೂರದಿಂದ ನೋಡಿದ ಜನರಿಗೇ ಹೀಗಾದ್ರೆ ಮನೆಯವರಿಗೆ ಹೇಗಾಗ್ಬೇಡ ಹೇಳಿ. ಆ ವಾರ ಟೀವಿ ಬೇಡ, ನ್ಯೂಸ್ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡಿಡಿ, ಏನಾದ್ರೂ ಗೊತ್ತಾಗ್ಲೇಬೇಕಾದ ಸುದ್ದಿ ಬಂದ್ರೆ, ಅಂದ್ರೆ ಕೋರ್ಟ್ ವಿಷಯವೋ ಪರಿಹಾರದ ವಿಷಯವೋ, ನಂಬಿಕೆ ಇರೋ ಒಬ್ಬರಿಗೆ ಮೊದಲೇ ಹೇಳಿಟ್ರೆ ಅವರೇ ನೋಡಿ ನಿಮಗೆ ಬಾಯಲ್ಲಿ ಹೇಳ್ತಾರೆ.

ಇನ್ನೊಂದು ವಿಷಯ ಹೇಳ್ಬೇಕು, ನನಗೆ ಬಹಳ ಇಷ್ಟವಾದದ್ದು. ನ್ಯೂಯಾರ್ಕ್‌ನಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಹೋದೋರ ಸ್ಮಾರಕ ಇದೆಯಲ್ಲ, ಟವರ್‌ಗಳಿದ್ದ ಜಾಗದಲ್ಲಿ ಎರಡು ದೊಡ್ಡ ಕೊಳ, ಸುತ್ತ ಕಂಚಿನ ಫಲಕದ ಮೇಲೆ 2,983 ಹೆಸರು, 1993ರಲ್ಲಿ ಅಲ್ಲೇ ಬಾಂಬ್ ಸಿಡಿದಾಗ ಸತ್ತ 6 ಜನರದ್ದೂ ಸೇರಿ. ವರ್ಷಕ್ಕೊಮ್ಮೆ ಅಲ್ಲಿ ಹೆಸರುಗಳನ್ನ ಓದೋದನ್ನ ಪ್ರಪಂಚವೇ ನೋಡುತ್ತೆ. ಉಳಿದ ದಿನಗಳಲ್ಲಿ ಅಲ್ಲಿನೋರು ಇನ್ನೊಂದು ಕೆಲಸ ಮಾಡ್ತಾರೆ, ಅವತ್ತು ಯಾರ ಹುಟ್ಟುಹಬ್ಬ ಅಂತ ನೋಡಿ ಅವರ ಹೆಸರಿನ ಕೊರೆದ ಅಕ್ಷರದೊಳಗೆ ಒಂದು ಬಿಳಿ ಗುಲಾಬಿ ಸಿಕ್ಕಿಸ್ತಾರೆ. ಸತ್ತ ದಿನ ಅವರಿಗೆಲ್ಲ ಒಂದೇ, ಹುಟ್ಟಿದ ದಿನ ಒಬ್ಬೊಬ್ಬರಿಗೂ ಬೇರೆ. ನೀವೂ ಹಾಗೆ ಮಾಡ್ಬಹುದು, ದೇಶದ ದಿನವನ್ನ ದೇಶಕ್ಕೆ ಬಿಟ್ಟು ಅವರ ಹುಟ್ಟಿದ ದಿನವನ್ನ ನಿಮ್ಮದು ಮಾಡ್ಕೊಳ್ಳಿ, ಮದುವೆ ದಿನವೋ, ಮೊದಲ ಸಂಬಳ ತಂದ ದಿನವೋ, ಯಾವುದಾದ್ರೂ ಸರಿ, ಕ್ಯಾಮೆರಾ ಬರದ ದಿನ ಆಗಿರ್ಬೇಕು ಅಷ್ಟೇ.

ಮುಖದ ಬದಲು ಹೊಗೆ ಬರುತ್ತೆ ಅಂದ್ರಲ್ಲ, ಅದಕ್ಕೆ ಒಂದು ನೋಟ್‌ಬುಕ್ ಇಡಿ. ಅವರು ಎಂಥ ದೊಡ್ಡ ಮನುಷ್ಯ ಅಂತ ಬರೆಯೋದು ಬೇಡ, ನಿಮ್ಮನ್ನ ಏನಂತ ಕರೀತಿದ್ರು, ಕೋಪ ಬಂದ್ರೆ ಯಾವ ಮಾತು ಆಡ್ತಿದ್ರು, ಫೋನ್ ಎತ್ತಿದ ತಕ್ಷಣ ಏನಂತಿದ್ರು, ಚಪ್ಪಲಿ ಹೇಗೆ ಬಿಡ್ತಿದ್ರು, ಇಂಥ ಚಿಲ್ಲರೆ ಸಂಗತಿಗಳೇ ಮೊದಲು ಮರೆತುಹೋಗೋದು, ಇವೇ ಮುಖವನ್ನ ವಾಪಸ್ ತರೋದು ಕೂಡ. ಜೊತೆಗೆ ಕೆಲಸ ಮಾಡ್ತಿದ್ದೋರು, ಸ್ಕೂಲ್ ಫ್ರೆಂಡ್ಸ್ ಹತ್ರ ಕೇಳಿ ಬರೆಸಿ, ನೀವು ಕಾಣದ ಅವರ ಎಷ್ಟೋ ಮುಖ ಆ ಜನರ ಹತ್ರ ಇರುತ್ತೆ. ತಡ ಮಾಡ್ಬೇಡಿ, ಅವರಿಗೂ ವಯಸ್ಸಾಗುತ್ತೆ.

ಪ್ರಶ್ನೆ: ಅಣ್ಣನ ದೇಹ ಸಿಗ್ಲೇ ಇಲ್ಲ. ಡೆತ್ ಸರ್ಟಿಫಿಕೇಟ್ ಬಂದಿದೆ, ಅಮ್ಮ ಅದನ್ನ ಮುಟ್ಟಲ್ಲ. ಅವನ ನಂಬರ್‌ಗೆ ಈಗ್ಲೂ ರೀಚಾರ್ಜ್ ಮಾಡಿಸ್ತಾರೆ, ಬಾಗಿಲು ಸದ್ದಾದ್ರೆ ಎದ್ದು ಕೂರ್ತಾರೆ. ನಾವೆಲ್ಲ ಒಪ್ಕೊಂಡಿದ್ದೀವಿ, ಅಮ್ಮನಿಗೆ ಹೇಗೆ ಅರ್ಥ ಮಾಡಿಸೋದು? ಎಲ್ಲಿ ಹೋಗಿ ಅವನನ್ನ ನೆನೆಸ್ಕೊಳ್ಳೋದು ಅನ್ನೋದೂ ನಮಗೆ ಗೊತ್ತಾಗಲ್ಲ, ಒಂದು ಜಾಗ ಅಂತ ಇಲ್ಲ.

ಉತ್ತರ: ಅಮ್ಮನಿಗೆ ಅರ್ಥ ಆಗಿಲ್ಲ ಅಂತ ನೀವು ಅಂದ್ಕೊಂಡಿದ್ದೀರಿ, ನಂಗೆ ಹಾಗನ್ಸಲ್ಲ. ಅವರಿಗೆ ಗೊತ್ತು. ಗೊತ್ತಿದ್ದೂ ಕಾಯ್ತಿದ್ದಾರೆ, ಎರಡೂ ಒಟ್ಟಿಗೇ ನಡೀತಿದೆ ಅವರೊಳಗೆ. ಪಾಲಿನ್ ಬಾಸ್ ಅಂತ ಅಮೆರಿಕದ ಒಬ್ಬ ಕುಟುಂಬ ಚಿಕಿತ್ಸಕಿ, 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ನಾಪತ್ತೆಯಾದ ಸೈನಿಕರ ಮನೆಯವರನ್ನ ನೋಡ್ತಾ ನೋಡ್ತಾ ಈ ತರದ ದುಃಖದ ಬಗ್ಗೆ ಕೆಲಸ ಶುರು ಮಾಡಿದೋರು, ಆಮೇಲೆ ನ್ಯೂಯಾರ್ಕ್ ದಾಳಿಯಲ್ಲಿ ನಾಪತ್ತೆಯಾದೋರ ಮನೆಯವರ ಜೊತೆನೂ ಕೆಲಸ ಮಾಡಿದ್ರು. ಇಂಥವರಿಗೆ ಮುಗೀತು ಅಂತ ಒಪ್ಪಿಸೋಕೆ ಹೋಗ್ಬಾರ್ದು ಅನ್ನೋದು ಅವರ ನಿಲುವು, ಹೋಗಿದ್ದಾನೆ ಅನ್ನೋದನ್ನೂ, ಬಂದ್ರೂ ಬರಬಹುದು ಅನ್ನೋದನ್ನೂ ಜೊತೆಯಲ್ಲೇ ಇಟ್ಕೊಂಡು ಮನುಷ್ಯ ಬದುಕಬಲ್ಲ, ಅದಕ್ಕೆ ಜಾಗ ಮಾಡಿಕೊಡ್ಬೇಕು. ನಿಮ್ಮ ಮನೆಯಲ್ಲಿ ಕೆಲವರು ಒಪ್ಕೊಂಡಿದ್ದೀರಿ, ಒಬ್ಬರು ಒಪ್ಕೊಂಡಿಲ್ಲ, ಎಲ್ಲರೂ ಒಂದೇ ಅಭಿಪ್ರಾಯಕ್ಕೆ ಬರ್ಲೇಬೇಕು ಅಂತ ಯಾಕೆ ಹಠ? ಸರ್ಟಿಫಿಕೇಟನ್ನ ಆಫೀಸು, ಬ್ಯಾಂಕು, ಇನ್ಶೂರೆನ್ಸ್ ಕೆಲಸಕ್ಕೆ ನೀವು ಇಟ್ಕೊಳ್ಳಿ, ಅಮ್ಮನ ಮುಂದೆ ಸಾಕ್ಷಿ ತರ ಹಿಡೀಬೇಡಿ.

ನೀವು ಒಬ್ಬರೇ ಅಲ್ಲ ಅನ್ನೋದೂ ಗೊತ್ತಿರ್ಲಿ. ನ್ಯೂಯಾರ್ಕ್‌ನ ಟವರ್‌ಗಳಲ್ಲಿ ಹೋದ 2,753 ಜನರಲ್ಲಿ ಸುಮಾರು 1,100 ಜನರ ಯಾವ ಕುರುಹೂ ಇವತ್ತಿಗೂ ಗುರುತಾಗಿಲ್ಲ, ಸಿಕ್ಕಿದ ತುಣುಕುಗಳ ಡಿಎನ್‌ಎ ಪರೀಕ್ಷೆ ಎರಡು ದಶಕ ದಾಟಿದ್ರೂ ನಡೀತಾನೇ ಇದೆ. 2011ರ ಮಾರ್ಚ್ 11ರ ಜಪಾನಿನ ಸುನಾಮಿಯಲ್ಲಿ 2,500ಕ್ಕೂ ಹೆಚ್ಚು ಜನ ಈಗ್ಲೂ ಸರ್ಕಾರಿ ಲೆಕ್ಕದಲ್ಲಿ ನಾಪತ್ತೆ. 1985ರಲ್ಲಿ ಐರ್ಲೆಂಡ್ ಹತ್ರ ಸಮುದ್ರದ ಮೇಲೆ ಸ್ಫೋಟಗೊಂಡ ಏರ್ ಇಂಡಿಯಾ ಕನಿಷ್ಕ ವಿಮಾನದಲ್ಲಿದ್ದ 329 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ದೇಹ ಸಿಗ್ಲಿಲ್ಲ.

ಜಾಗದ ವಿಷಯ. ದೇಹ ಇಲ್ದಿದ್ರೂ ಜಾಗ ಬೇಕೇಬೇಕು, ಕಾಲು ಎಲ್ಲಿಗಾದ್ರೂ ಹೋಗ್ಬೇಕಲ್ಲ. ಕನಿಷ್ಕದಲ್ಲಿ ಹೋದೋರ ಮನೆಯವರಿಗಾಗಿ ಐರ್ಲೆಂಡಿನ ಅಹಕಿಸ್ತಾ ಅನ್ನೋ ಸಣ್ಣ ಹಳ್ಳಿಯ ದಂಡೆ ಮೇಲೆ ಒಂದು ತೋಟ, ಒಂದು ಸೂರ್ಯ ಗಡಿಯಾರ ಮಾಡಿದ್ರು, ಪ್ರತಿ ಜೂನ್ 23ಕ್ಕೆ ಅಷ್ಟು ದೂರದಿಂದ ಜನ ಹೋಗ್ತಾರೆ. ಜಪಾನಿನ ಓತ್ಸುಚಿಯಲ್ಲಿ ಇತಾರು ಸಸಾಕಿ ಅನ್ನೋರು ತೀರಿಹೋದ ತಮ್ಮ ಕಸಿನ್ ಜೊತೆ ಮಾತಾಡೋಕೆ ತೋಟದಲ್ಲಿ ವೈರೇ ಇಲ್ಲದ ಒಂದು ಫೋನ್ ಬೂತ್ ಇಟ್ಟಿದ್ರು, ಸುನಾಮಿ ಆದ್ಮೇಲೆ ಅದನ್ನ ಎಲ್ಲರಿಗೂ ಬಿಟ್ಕೊಟ್ರು, ಸಾವಿರಾರು ಜನ ಅಲ್ಲಿ ಹೋಗಿ ರಿಸೀವರ್ ಎತ್ತಿ ಮಾತಾಡಿ ಬಂದಿದ್ದಾರೆ. ಆ ಕಡೆಯಿಂದ ಉತ್ತರ ಬರಲ್ಲ ಅಂತ ಅವರಿಗೆಲ್ಲ ಗೊತ್ತು. ಹಾಗಾಗಿ ಅಮ್ಮ ರೀಚಾರ್ಜ್ ಮಾಡಿಸ್ತಿದ್ರೆ ಮಾಡಿಸ್ಲಿ, ಅದರಲ್ಲಿ ಯಾವ ಹುಚ್ಚೂ ಇಲ್ಲ. ನೀವು ಮಾಡ್ಬೇಕಾದ ಕೆಲಸ ಇನ್ನೊಂದಿದೆ, ಅವನ ವಾಯ್ಸ್ ಮೆಸೇಜ್, ವಿಡಿಯೋ, ಚಾಟ್ ಎಲ್ಲಾನೂ ಇವತ್ತೇ ಎರಡು ಬೇರೆ ಬೇರೆ ಕಡೆ ಕಾಪಿ ಮಾಡಿಡಿ, ಯಾಕಂದ್ರೆ ಒಂದು ದಿನ ರೀಚಾರ್ಜ್ ತಪ್ಪಿ ಆ ನಂಬರ್ ಬೇರೆ ಯಾರಿಗೋ ಹೋಗಿ, ಅಮ್ಮ ಫೋನ್ ಮಾಡಿದಾಗ ಅಪರಿಚಿತ ದನಿ ಕೇಳಿದ್ರೆ ಆ ಏಟು ತಡ್ಕೊಳ್ಳೋದು ಕಷ್ಟ.

ನಿಮ್ಮ ಜಾಗ ಯಾವುದು ಅಂತ ನೀವೇ ಆರಿಸ್ಕೊಳ್ಳಿ, ಅವನು ಸತ್ತ ಜಾಗನೇ ಆಗ್ಬೇಕಿಲ್ಲ. ಅವನು ಯಾವಾಗ್ಲೂ ಕೂರ್ತಿದ್ದ ಮೆಟ್ಟಿಲು, ಆಟ ಆಡ್ತಿದ್ದ ಮೈದಾನ, ಅಥವಾ ಹೊಸದಾಗಿ ನೆಟ್ಟ ಒಂದು ಮರ. ಹಾಗೇ, ಮುಂದೆ ಯಾವತ್ತಾದ್ರೂ ಏನಾದ್ರೂ ಗುರುತು ಸಿಕ್ತು ಅಂತ ಕರೆ ಬಂದ್ರೆ ಯಾರು ಫೋನ್ ಎತ್ತೋದು, ಅಮ್ಮನಿಗೆ ಹೇಳೋದಾ ಬೇಡ್ವಾ, ಇದನ್ನ ಈಗ್ಲೇ ಮಾತಾಡ್ಕೊಳ್ಳಿ. ನ್ಯೂಯಾರ್ಕ್‌ನಲ್ಲಿ ಮನೆಯವರನ್ನ ಇದನ್ನೇ ಕೇಳ್ತಾರೆ, ಮುಂದೆ ಏನಾದ್ರೂ ಸಿಕ್ಕಿದ್ರೆ ನಿಮಗೆ ತಿಳಿಸ್ಬೇಕಾ ಅಂತ. ಬೇಡ ಅಂದೋರೂ ಇದ್ದಾರೆ.

ಪ್ರಶ್ನೆ: ನನ್ನ ತಂಗಿ ಕೆಲಸಕ್ಕೆ ಅಂತ ಹೋದೋಳು ವಾಪಸ್ ಬರ್ಲಿಲ್ಲ. ಈಗ ಭಾಷಣಗಳಲ್ಲಿ ಅವಳು ದೇಶಕ್ಕಾಗಿ ಪ್ರಾಣ ಕೊಟ್ಟಳು ಅಂತಾರೆ. ಅವಳು ಕೊಟ್ಟಿಲ್ಲ ಸಾರ್, ಕಿತ್ಕೊಂಡ್ರು. ಇಲ್ಲಾಂದ್ರೆ ಸತ್ತೋರು ಇಷ್ಟು ಅಂತ ಒಂದು ನಂಬರ್. ಎರಡನ್ನ ಕೇಳಿದ್ರೂ ಮೈ ಉರಿಯುತ್ತೆ.

ಉತ್ತರ: ಉರೀಲೇಬೇಕು, ಅದು ನ್ಯಾಯವಾದ ಸಿಟ್ಟು. ಭಾಷಣದಲ್ಲಿ ಕೊಡೋ ಪಟ್ಟವನ್ನ ಮನೆಯವರು ತಗೊಳ್ಳಲೇಬೇಕು ಅಂತ ಏನಿಲ್ಲ. ಕೆಲವು ಮನೆಗಳಿಗೆ ಆ ಮಾತಿಂದ ಬಲ ಸಿಗುತ್ತೆ, ಅವರು ತಗೊಳ್ಲಿ, ನಿಮಗೆ ಬೇಡ ಅಂದ್ರೆ ಬೇಡ. ಕಾರ್ಯಕ್ರಮಕ್ಕೆ ಕರೆದಾಗ ಪರಿಚಯದ ಸಾಲುಗಳನ್ನ ನೀವೇ ಬರೆದು ಕೊಡ್ತೀವಿ ಅನ್ನಿ, ಅವಳು ಏನು ಓದಿದ್ಲು, ಯಾವ ಕೆಲಸ, ಏನು ಇಷ್ಟ, ಇಷ್ಟೇ ಓದಿ ಅನ್ನಿ. ಪತ್ರಕರ್ತರು ಬಂದಾಗ್ಲೂ ಯಾವ ಫೋಟೋ ಹಾಕ್ಬೇಕು ಅಂತ ನೀವೇ ಕೊಡಿ, ಇಲ್ದಿದ್ರೆ ಐಡಿ ಕಾರ್ಡ್ ಫೋಟೋನೇ ಅವಳ ಮುಖವಾಗಿ ಉಳ್ಕೊಳ್ಳುತ್ತೆ.

ನಂಬರ್ ವಿಷಯದಲ್ಲಿ ಒಂದು ಒಳ್ಳೆ ಉದಾಹರಣೆ ಇದೆ. ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ 1995ರ ಏಪ್ರಿಲ್ 19ರಂದು ಸರ್ಕಾರಿ ಕಟ್ಟಡವೊಂದನ್ನ ಸ್ಫೋಟಿಸಿ 168 ಜನರನ್ನ ಕೊಂದ್ರು, ಅಲ್ಲಿನ ಸ್ಮಾರಕದಲ್ಲಿ 168 ಖಾಲಿ ಕುರ್ಚಿಗಳಿವೆ, ಪ್ರತಿಯೊಂದರ ಮೇಲೂ ಒಂದೊಂದು ಹೆಸರು, ಕಟ್ಟಡದ 9 ಮಹಡಿಗೆ 9 ಸಾಲು, ಅದರಲ್ಲಿ 19 ಕುರ್ಚಿ ಚಿಕ್ಕವು, ಮಕ್ಕಳದ್ದು. ನ್ಯೂಯಾರ್ಕ್ ಸ್ಮಾರಕದಲ್ಲಂತೂ ಹೆಸರುಗಳನ್ನ ಅಕ್ಷರ ಕ್ರಮದಲ್ಲಿ ಹಾಕಿಲ್ಲ, ಯಾರ ಪಕ್ಕ ಯಾರ ಹೆಸರಿರ್ಬೇಕು ಅಂತ ಮನೆಯವರನ್ನೇ ಕೇಳಿದ್ರು, 1,200ಕ್ಕೂ ಹೆಚ್ಚು ಕೋರಿಕೆ ಬಂದ್ವು, ಒಟ್ಟಿಗೆ ಕೆಲಸ ಮಾಡ್ತಿದ್ದೋರು, ಗೆಳೆಯರು, ಬಂಧುಗಳು ಅಕ್ಕಪಕ್ಕ ಬಂದ್ರು. ನಿಮ್ಮ ತಂಗಿ ಹೆಸರು ಎಲ್ಲಾದ್ರೂ ಕೆತ್ತಿಸ್ತಾರೆ ಅಂದ್ರೆ ಇಂಥದ್ದನ್ನ ಕೇಳೋ ಹಕ್ಕು ನಿಮಗಿದೆ, ಸ್ಪೆಲ್ಲಿಂಗ್ ಸರಿ ಇದೆಯಾ ಅನ್ನೋದರಿಂದ ಶುರು ಮಾಡಿ.

ಪ್ರಶ್ನೆ: ಅಪ್ಪ ಸತ್ತಾಗ ಮಗು ಹೊಟ್ಟೇಲಿತ್ತು. ಈಗ ಸ್ಕೂಲಿಗೆ ಹೋಗ್ತಿದ್ದಾನೆ, ಯಾರೋ ಇಂಟರ್ನೆಟ್‌ನಲ್ಲಿ ತೋರಿಸೋ ಮುಂಚೆ ನಾನೇ ಹೇಳ್ಬೇಕು ಅನ್ಸುತ್ತೆ, ಹೇಗೆ?

ಉತ್ತರ: ನೀವೇ ಹೇಳ್ಬೇಕು, ಬೇಗ ಹೇಳ್ಬೇಕು, ಆದ್ರೆ ಸಾವಿಂದ ಶುರು ಮಾಡ್ಬೇಡಿ. ಮೊದಲು ಅಪ್ಪ ಇರ್ಲಿ, ಅಪ್ಪ ಹೇಗೆ ನಗ್ತಿದ್ದ, ಮಗು ಬರುತ್ತೆ ಅಂತ ಗೊತ್ತಾದಾಗ ಏನು ಮಾಡ್ದ, ಇದೆಲ್ಲ ಮಗುಗೆ ಎಷ್ಟು ಅಭ್ಯಾಸ ಆಗ್ಬೇಕು ಅಂದ್ರೆ ಆಮೇಲೆ ಸಾವಿನ ಸುದ್ದಿ ಬಂದ್ರೆ ಅದು ತನಗೆ ಪರಿಚಯ ಇರೋ ಒಬ್ಬರ ಸುದ್ದಿ ಆಗಿರ್ಬೇಕು. ಹೇಳುವಾಗ ಸತ್ತುಹೋದ್ರು ಅಂತಾನೇ ಹೇಳಿ, ಮಲಗಿದ್ದಾರೆ, ದೂರ ಹೋಗಿದ್ದಾರೆ ಅಂದ್ರೆ ಸಣ್ಣ ಮಕ್ಕಳು ಹಾಗೇ ನಂಬ್ಕೊಂಡು ಕಾಯ್ತಾರೆ, ಇಲ್ಲಾ ಮಲಗೋಕೇ ಹೆದರ್ತಾರೆ. ಕೆಟ್ಟ ಕೆಲಸ ಮಾಡೋ ಕೆಲವರಿಂದ ತುಂಬ ಜನರಿಗೆ ಏಟಾಯ್ತು, ಅದರಲ್ಲಿ ಅಪ್ಪನೂ ಸತ್ರು, ಈಗ ನೀನು ನನ್ನ ಜೊತೆ ಸೇಫಾಗಿದ್ದೀಯ. ಮೊದಲ ಸಲ ಇಷ್ಟು ಸಾಕು, ಉಳಿದದ್ದು ಅವನು ಕೇಳಿದ ಹಾಗೆ, ಕೇಳಿದಷ್ಟು. ಮಧ್ಯದಲ್ಲೇ ಎದ್ದು ಆಟಕ್ಕೆ ಹೋದ್ರೆ ಬೇಜಾರಾಗ್ಬೇಡಿ, ಮಕ್ಕಳು ದುಃಖಾನ ಹಾಗೇ ಸ್ವಲ್ಪ ಸ್ವಲ್ಪ ಮುಟ್ಟಿ ಬಿಟ್ಟು ಮಾಡ್ತಾರೆ, ದೊಡ್ಡವನಾದ ಹಾಗೆ ಅದೇ ಪ್ರಶ್ನೆಯನ್ನ ಹೊಸದಾಗಿ ಕೇಳ್ತಾನೆ, ಪ್ರತಿ ಸಲ ಹೇಳ್ಬೇಕು.

ಆ ವಿಡಿಯೋಗಳನ್ನ ಮಾತ್ರ ಮೊದಲ ಸಲ ಒಬ್ಬನೇ ನೋಡೋ ಹಾಗೆ ಆಗ್ಬಾರ್ದು. ಇಂಥದ್ದು ಇಂಟರ್ನೆಟ್‌ನಲ್ಲಿ ಇದೆ, ನೋಡ್ಬೇಕು ಅನ್ಸಿದ್ರೆ ನನ್ನ ಜೊತೆ ಕೂತು ನೋಡು ಅಂತ ಮುಂಚೆನೇ ಹೇಳಿಡಿ, ಕ್ಲಾಸ್ ಟೀಚರ್‌ಗೂ ತಿಳಿಸಿ, ಪಾಠದಲ್ಲೋ ಪ್ರಾರ್ಥನೆಯಲ್ಲೋ ಆ ದಿನದ ಮಾತು ಬಂದಾಗ ಅವನು ಅಲ್ಲಿ ಕೂತಿರ್ತಾನೆ. ಸೆಪ್ಟೆಂಬರ್ 11ರ ದಾಳಿಯ ನಂತರ ಅಪ್ಪನ ಮುಖ ನೋಡದೇ ಹುಟ್ಟಿದ ಮಕ್ಕಳೇ ನೂರಕ್ಕೂ ಹೆಚ್ಚು, ಈಗ ಅವರೆಲ್ಲ ಇಪ್ಪತ್ತು ದಾಟಿದ್ದಾರೆ, ಹೆಸರು ಓದೋ ಕಾರ್ಯಕ್ರಮದಲ್ಲಿ ಅಂಥ ಮಕ್ಕಳೂ, ತಾತ ಅಜ್ಜಿಯನ್ನ ನೋಡೇ ಇರದ ಮೊಮ್ಮಕ್ಕಳೂ ಈಗ ಮೈಕ್ ಮುಂದೆ ನಿಲ್ತಾರೆ. ನೋಡದೇ ಇರೋರನ್ನೂ ಪ್ರೀತಿಸೋಕಾಗುತ್ತೆ, ಯಾರಾದ್ರೂ ಬಿಡದೆ ಕಥೆ ಹೇಳಿದ್ರೆ.

ಪ್ರಶ್ನೆ: ಮಗನ ಸಾವಿಗೆ ಯಾರು ಕಾರಣ ಅಂತ ಕೇಸ್ ನಡೆಸ್ತಾ ನಡೆಸ್ತಾ ನನ್ನ ಬದುಕೇ ಫೈಲ್ ಆಗಿದೆ. ಬಿಟ್ರೆ ಅವನನ್ನ ಬಿಟ್ಟ ಹಾಗೆ, ಹಿಡ್ಕೊಂಡ್ರೆ ಬರೀ ಪೋಸ್ಟ್‌ಮಾರ್ಟಂ ರಿಪೋರ್ಟೇ ನೆನಪಾಗುತ್ತೆ.

ಉತ್ತರ: ಬಿಡಿ ಅಂತ ನಾನು ಹೇಳಲ್ಲ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಸ್ಟೇಡಿಯಂಗೆ ಫುಟ್‌ಬಾಲ್ ನೋಡೋಕೆ ಹೋದ ಜನ ಕಿಕ್ಕಿರಿದ ಗ್ಯಾಲರಿಯಲ್ಲಿ ಸಿಕ್ಕಿ ಸತ್ರು, ಆಮೇಲೆ ತೀರಿಕೊಂಡೋರೂ ಸೇರಿ 97 ಜನ. ಮೊದಲು ಆಕಸ್ಮಿಕ ಸಾವು ಅಂತ ತೀರ್ಪು ಬಂತು, ಮೇಲಿಂದ ಸತ್ತೋರ ಕಡೆಯವರದ್ದೇ ತಪ್ಪು ಅಂತ ಅಪವಾದ ಬೇರೆ. ಮನೆಯವರು ಬಿಡ್ಲಿಲ್ಲ, 2012ರಲ್ಲಿ ಆ ತೀರ್ಪು ರದ್ದಾಯ್ತು, 2016ರಲ್ಲಿ ಹೊಸ ಜ್ಯೂರಿ ಇದು ಕಾನೂನುಬಾಹಿರ ಹತ್ಯೆ, ಅಭಿಮಾನಿಗಳ ತಪ್ಪಿಲ್ಲ ಅಂತು. 27 ವರ್ಷ. ಇದರಲ್ಲಿ ನಿಮಗೆ ಬೇಕಾದ ಒಂದು ಸಂಗತಿ ಇದೆ. 2014ರಲ್ಲಿ ಆ ಹೊಸ ವಿಚಾರಣೆ ಶುರುವಾದಾಗ ಸಾಕ್ಷ್ಯ, ನಕ್ಷೆ, ವೈದ್ಯಕೀಯ ವರದಿ ಎಲ್ಲಕ್ಕೂ ಮೊದಲು ಒಂದೊಂದು ಮನೆಯವರ ಕಡೆಯಿಂದ ಅವರವರ ಮಗ, ಮಗಳು, ಅಪ್ಪ ಎಂಥೋರಾಗಿದ್ರು ಅಂತ ಕೋರ್ಟಿನಲ್ಲಿ ಓದಿದ್ರು. ನಿಮ್ಮ ಫೈಲಿನ ಮೊದಲ ಪುಟದಲ್ಲೂ ಅಂಥ ಒಂದು ಪುಟ ಇರ್ಲಿ, ಪ್ರತಿ ಸಲ ಫೈಲ್ ತೆಗೆದಾಗ ಮೊದಲು ಅದನ್ನ ಓದಿ ಆಮೇಲೆ ರಿಪೋರ್ಟಿಗೆ ಹೋಗಿ. ಹಾಗೇ ಕೇಸಿನ ಕೆಲಸಕ್ಕೆ ವಾರದಲ್ಲಿ ಇಂಥ ದಿನ ಅಂತ ಇಟ್ಕೊಂಡು ಉಳಿದ ದಿನ ಅದನ್ನ ಮುಚ್ಚಿಡಿ, ಸಾಧ್ಯ ಇದ್ರೆ ಇದೇ ದುರಂತದ ಬೇರೆ ಮನೆಗಳ ಜೊತೆ ಸೇರಿ ಕೆಲಸ ಹಂಚ್ಕೊಳ್ಳಿ.

ಪ್ರಶ್ನೆ: ಮೊದಲೆರಡು ವರ್ಷ ಮಂತ್ರಿಗಳು ಬಂದ್ರು, ಈಗ ಆ ದಿನ ಯಾರಿಗೂ ನೆನಪಿಲ್ಲ. ನಾವು ಮಾತ್ರ ಉಳಿದಿದ್ದೀವಿ.

ಉತ್ತರ: ಇದು ಬೇರೆ ತರದ ನೋವು, ಎರಡನೇ ಸಲ ಕಳ್ಕೊಂಡ ಹಾಗೆ. ಕನಿಷ್ಕ ವಿಮಾನದಲ್ಲಿದ್ದೋರಲ್ಲಿ ಬಹಳಷ್ಟು ಜನ ಕೆನಡಾ ಪ್ರಜೆಗಳು, ಆದ್ರೂ ಇದು ನಮ್ಮ ದೇಶದ ದುರಂತ ಅಂತ ಕೆನಡಾ ಮನಸ್ಸಿಗೆ ತಗೊಳ್ಳೋಕೆ ಎಷ್ಟೋ ವರ್ಷ ಹಿಡೀತು. ಮನೆಯವರು ಕೇಳ್ತಾನೇ ಇದ್ರು. 2005ರಲ್ಲಿ ಜೂನ್ 23ನ್ನ ಭಯೋತ್ಪಾದನೆಗೆ ಬಲಿಯಾದವರ ನೆನಪಿನ ದಿನ ಅಂತ ಘೋಷಿಸಿದ್ರು, 2010ರಲ್ಲಿ ತನಿಖಾ ಆಯೋಗದ ವರದಿ ಬಂದ್ಮೇಲೆ ಪ್ರಧಾನಿ ಕ್ಷಮೆ ಕೇಳಿದ್ರು, ಅಷ್ಟೊತ್ತಿಗೆ 25 ವರ್ಷ ಆಗಿತ್ತು. ಕೇಳೋಕೆ ಶಕ್ತಿ ಇದ್ರೆ ಕೇಳ್ತಾ ಇರಿ, ಫಲಕ ಬೇಕು, ರಸ್ತೆಗೆ ಹೆಸರು ಬೇಕು, ಪಾಠದಲ್ಲಿ ಒಂದು ಪುಟ ಬೇಕು ಅಂತ. ಶಕ್ತಿ ಇಲ್ಲ ಅಂದ್ರೆ ನಿಮ್ಮ ನಾಲ್ಕೈದು ಮನೆಯವರು ಸೇರಿ ಕೂತ್ರೂ ಸಾಕು, ಮಂತ್ರಿ ಬರದೇ ಇದ್ದ ದಿನವೇ ನಿಧಾನವಾಗಿ ಮಾತಾಡೋಕಾಗೋದು.

ಪ್ರಶ್ನೆ: ಎಷ್ಟು ದಿನ ಅಂತ ಅಳ್ತೀಯಾ ಅಂತಾರೆ. ನನ್ನಲ್ಲೇ ಏನೋ ಸರಿ ಇಲ್ವಾ?

ಉತ್ತರ: ವರ್ಷಗಳಾದ್ಮೇಲೂ ಅಳು ಬರೋದು ಕಾಯಿಲೆ ಅಲ್ಲ. ಅಳೋ ದಿನ, ಎದ್ದು ಕೆಲಸ ನೋಡೋ ದಿನ, ಇವೆರಡರ ಮಧ್ಯೆ ಹೋಗ್ತಾ ಬರ್ತಾ ಇದ್ರೆ ಅದು ಸಹಜ. ಆದ್ರೆ ವರ್ಷ ದಾಟಿದ್ರೂ ಹೆಚ್ಚುಕಮ್ಮಿ ದಿನಾ ಬೇರೇನೂ ಯೋಚನೆ ಬರ್ತಿಲ್ಲ, ಕೆಲಸ, ಊಟ, ಜನ ಯಾವುದೂ ಆಗ್ತಿಲ್ಲ, ಅವರಿಲ್ದೆ ಬದುಕಿಗೆ ಅರ್ಥವೇ ಇಲ್ಲ ಅನ್ಸುತ್ತೆ ಅಂದ್ರೆ, ಅದನ್ನ ಈಗ ವೈದ್ಯರು ದೀರ್ಘಕಾಲದ ದುಃಖದ ತೊಂದರೆ ಅಂತ ಗುರುತಿಸ್ತಾರೆ, ಅದಕ್ಕೆ ಅಂತಾನೇ ಚಿಕಿತ್ಸೆ ಇದೆ, ಮಾನಸಿಕ ತಜ್ಞರ ಹತ್ರ ಹೋಗಿ. ಸಾಯ್ಬೇಕು ಅನ್ಸಿದ್ರೆ ಮಾತ್ರ ವರ್ಷ ತಿಂಗಳು ಏನೂ ಎಣಿಸ್ಬೇಡಿ, ಇವತ್ತೇ ಹೋಗಿ, ಮನೆಯಲ್ಲಿ ಒಬ್ಬರಿಗೆ ಈಗ್ಲೇ ಹೇಳಿ.

ಪ್ರಶ್ನೆ: ನನ್ನ ಫ್ರೆಂಡ್ ಅವಳ ಅಕ್ಕನನ್ನ ಹೀಗೇ ಕಳ್ಕೊಂಡಿದ್ದಾಳೆ. ಆ ದಿನ ಫೋನ್ ಮಾಡ್ಲಾ, ಸುಮ್ನಿರ್ಲಾ?

ಉತ್ತರ: ಮಾಡಿ. ನೆನಪು ಮಾಡಿ ಅಳಿಸಿದ ಹಾಗಾಗುತ್ತೆ ಅಂತ ಹೆದರ್ಬೇಡಿ, ಅವಳು ಮರೆತಿದ್ರೆ ತಾನೆ ನೀವು ನೆನಪು ಮಾಡೋದು. ಆ ದಿನಕ್ಕಿಂತ ಅದರ ಹಿಂದಿನ ವಾರ ಇನ್ನೂ ಕಷ್ಟ ಇರುತ್ತೆ ಎಷ್ಟೋ ಜನರಿಗೆ, ಹಾಗಾಗಿ ಸ್ವಲ್ಪ ಮುಂಚೆನೇ ಮಾಡಿ. ಅಕ್ಕನ ಹೆಸರು ಹಿಡಿದು ಮಾತಾಡಿ, ನಿಮಗೆ ನೆನಪಿರೋ ಒಂದು ಘಟನೆ ಹೇಳಿ, ಫೋಟೋ ಇದ್ರೆ ಕಳ್ಸಿ. ಎಲ್ಲ ಒಳ್ಳೇದಕ್ಕೇ, ವಿಧಿ, ಧೈರ್ಯವಾಗಿರು, ಇವು ಮೂರೂ ಬೇಡ. ಟೀವಿಯಲ್ಲಿ ಏನು ತೋರಿಸಿದ್ರು ಅನ್ನೋ ಸುದ್ದಿನೂ ಬೇಡ. ಏನಾದ್ರೂ ಬೇಕಾದ್ರೆ ಹೇಳು ಅನ್ನೋದಕ್ಕಿಂತ ಶನಿವಾರ ಬರ್ತೀನಿ, ಮಕ್ಕಳನ್ನ ನಾನು ನೋಡ್ಕೋತೀನಿ ಅಂತ ಒಂದು ಕೆಲಸ ಹಿಡ್ಕೊಂಡು ಹೋಗಿ, ಅವಳು ಬೇಡ ಅಂದ್ರೆ ಬೇಜಾರು ಮಾಡ್ಕೊಳ್ದೆ ಮುಂದಿನ ವರ್ಷ ಮತ್ತೆ ಕೇಳಿ.